ಶೂಟ್ ಬೆಂಗಳೂರಲ್ಲಿ, ನಾವು ಬೀದರ್‌ನಲ್ಲಿ: ದೂರದಿಂದಲೇ ಕೂತು ಫೋಟೊ ತೆಗೆಸುವುದು ಹೀಗೆ

ಬೀದರ್‌ನ ಚೌಬಾರಾ ಹತ್ತಿರ ನಮ್ಮದೊಂದು ಸಣ್ಣ ಬಿದ್ರಿ ಅಂಗಡಿ. ಹೂದಾನಿ, ಸುರಾಹಿ, ಪಾನ್‌ದಾನ್, ಬಳೆ ಮಾರುತ್ತೇವೆ. ಆನ್‌ಲೈನ್‌ನಲ್ಲಿ ಮಾರಲು ಶುರು ಮಾಡಿದಾಗ ಒಳ್ಳೆ ಫೋಟೊ ಬೇಕಾಯಿತು. ಬಿದ್ರಿ ಅಂದರೆ ಕಪ್ಪು ಲೋಹದ ಮೈ, ಅದರ ಮೇಲೆ ಕೂರಿಸಿದ ಹೊಳೆಯುವ ಬೆಳ್ಳಿ. ಮೊಬೈಲ್‌ನಲ್ಲಿ ತೆಗೆದರೆ ಒಂದೋ ಕಪ್ಪು ಕೆಡುತ್ತದೆ, ಇಲ್ಲ ಬೆಳ್ಳಿ ಕೆಡುತ್ತದೆ. ಅದಕ್ಕೆ 14 ಸಾಮಾನು ಪ್ಯಾಕ್ ಮಾಡಿ ಬೆಂಗಳೂರಿನ ಒಂದು ಸ್ಟುಡಿಯೋಗೆ ಕೊರಿಯರ್ ಮಾಡಿದೆವು. ವಾರದ ಮೇಲೆ ಫೋಟೊ ಬಂದವು. ನೋಡಿ ಅಳು ಬಂತು.

ಯಾರೋ ಸಾಮಾನನ್ನೆಲ್ಲ ಸ್ಪಿರಿಟ್ ಹಾಕಿ ಒರೆಸಿದ್ದರು. ಬಿದ್ರಿಗೆ ಆ ಕಪ್ಪು ಬರುವುದು ನಮ್ಮ ಕೋಟೆಯ ಹಳೆ ಮಣ್ಣು, ನವಸಾಗರ ಕಲಸಿದ ಬಿಸಿ ನೀರಿನಿಂದ. ಸತು ಮತ್ತು ತಾಮ್ರದ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕೊನೆಗೆ ಎಣ್ಣೆ ಸವರಿದಾಗ ಕಪ್ಪು ತುಂಬಿಕೊಳ್ಳುತ್ತದೆ. ಎಣ್ಣೆ ಒರೆಸಿದ್ದಕ್ಕೆ ಫೋಟೊದಲ್ಲಿ ಎಲ್ಲವೂ ಬೂದಿ ಬೂದಿ. ಎರಡು ಹೂದಾನಿಗಳನ್ನಂತೂ ಹಿಂದುಮುಂದಾಗಿ ಇಟ್ಟಿದ್ದರು. ಅವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದ ನಾವು ಅಲ್ಲಿರಲಿಲ್ಲ, ಅಲ್ವಾ.

ಬೆಂಗಳೂರು ಇಲ್ಲಿಂದ ಸುಮಾರು 700 ಕಿಲೋಮೀಟರ್. ಹೋಗಿ ಬರಲು ಎರಡು ರಾತ್ರಿ ಪ್ರಯಾಣ, ಅಂಗಡಿಗೆ ಬೀಗ. ಹಾಗಾಗಿ ಎರಡನೇ ಸಲ ಅದೇ ಸ್ಟುಡಿಯೋದವರೊಂದಿಗೆ ಮಾತಾಡಿ, ಅಂಗಡಿಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಶೂಟ್ ನಡೆಯುವಾಗಲೇ ನೋಡಿದೆವು. ನಮಗೆ ಬಿದ್ರಿ ಕೆತ್ತಿಕೊಡುವ ಚಾಚಾ ಪಕ್ಕದಲ್ಲೇ ಕೂತಿದ್ದರು. ನಿಮ್ಮದು ಇಳಕಲ್ ಸೀರೆ ಇರಲಿ, ಬೆಲ್ಲ ಇರಲಿ, ದಾರಿ ಇದೇ.

ಮೊದಲು ಸ್ಟುಡಿಯೋದವರಿಗೆ ಒಂದು ಪ್ರಶ್ನೆ ಕೇಳಿ: ಟೆದರಿಂಗ್ ಮಾಡುತ್ತೀರಾ? ಅಂದರೆ ಕ್ಯಾಮೆರಾವನ್ನು ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸುವುದು. ಕ್ಲಿಕ್ ಮಾಡಿದ ಸ್ವಲ್ಪ ಹೊತ್ತಿಗೇ ಫೋಟೊ ದೊಡ್ಡದಾಗಿ ಅಲ್ಲಿ ಕಾಣುತ್ತದೆ. ಆ ಸ್ಕ್ರೀನನ್ನು ಜೂಮ್ ಅಥವಾ ಗೂಗಲ್ ಮೀಟ್‌ನಲ್ಲಿ ನಮಗೆ ತೋರಿಸಬಹುದು. ಕೆಲವರು ಕ್ಯಾಪ್ಚರ್ ಒನ್ ಸಾಫ್ಟ್‌ವೇರ್ ಬಳಸುತ್ತಾರೆ. ಅದರಲ್ಲಿ ಲೈವ್ ಅಂತ ಒಂದು ಸೌಲಭ್ಯವಿದೆ. ಅವರು ಲಿಂಕ್ ಕಳಿಸುತ್ತಾರೆ, ನಾವು ಬ್ರೌಸರ್‌ನಲ್ಲಿ ತೆರೆದರೆ ಸಾಕು. ಹಿಡಿಸಿದ ಫೋಟೊಗೆ ಅಲ್ಲೇ ಸ್ಟಾರ್ ಕೊಡಬಹುದು. ಇದಕ್ಕೆ ಬೇರೆ ದುಡ್ಡು ಇದೆಯಾ ಅಂತಲೂ ಮೊದಲೇ ಕೇಳಿಬಿಡಿ.

ಇನ್ನೊಂದು ಕೇಳಲೇಬೇಕು. ಒಂದು ಮೊಬೈಲನ್ನು ಸ್ಟ್ಯಾಂಡ್ ಮೇಲೆ ಇಟ್ಟು ಟೇಬಲ್ ಕಡೆಗೆ ತಿರುಗಿಸಿ, ಅದನ್ನೂ ಅದೇ ಕಾಲ್‌ಗೆ ಸೇರಿಸಲಿ. ಅದರ ಮೈಕ್ ಬಂದ್ ಇರಲಿ, ಇಲ್ಲದಿದ್ದರೆ ದನಿ ಮಾರ್ದನಿಸುತ್ತದೆ. ನನ್ನ ಪ್ರಕಾರ ಈ ಎರಡನೇ ಕ್ಯಾಮೆರಾನೇ ಮುಖ್ಯ. ಫೋಟೊ ನೋಡಿದರೆ ತಪ್ಪು ಆದಮೇಲೆ ಗೊತ್ತಾಗುತ್ತದೆ. ಕೈ ನೋಡಿದರೆ ಆಗುವ ಮೊದಲೇ ಗೊತ್ತಾಗುತ್ತದೆ. ಒಬ್ಬ ಹುಡುಗ ಒದ್ದೆ ಬಟ್ಟೆ ಎತ್ತಿಕೊಂಡದ್ದು ಕಂಡು ನಾನು ಕೂಗಿದೆ, ಬಟ್ಟೆ ಅಲ್ಲೇ ನಿಂತಿತು.

ಸಾಮಾನು ಕಳಿಸುವಾಗ ಪ್ರತಿಯೊಂದಕ್ಕೂ ನಂಬರ್ ಹಾಕಿ. ಮುಂದಿನ ಬದಿ ಯಾವುದು ಅಂತ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದು, ಅದೇ ನಂಬರ್ ಬರೆದು ಕಳಿಸಿ. "ಒರೆಸಬೇಡಿ, ಕೈಗವಸು ಹಾಕಿಕೊಳ್ಳಿ" ಅಂತ ಚೀಟಿ ಡಬ್ಬಿಯೊಳಗೇ ಇಡಿ. ಪ್ರತಿ ಸಾಮಾನಿಗೆ ಎಷ್ಟು ಫೋಟೊ, ಯಾವ ಕಡೆಯಿಂದ, ಅದೂ ಪಟ್ಟಿಯಲ್ಲಿರಲಿ.

ನಮ್ಮ ಕಡೆಯ ತಯಾರಿ ಜಾಸ್ತಿ ಇಲ್ಲ. ಮೊಬೈಲ್‌ನಲ್ಲಿ ನೋಡಬೇಡಿ, ಲ್ಯಾಪ್‌ಟಾಪ್ ಬೇಕು. ಅದರಲ್ಲಿ ಸ್ಕ್ರೀನನ್ನು ಹಳದಿ ಮಾಡುವ ನೈಟ್ ಲೈಟ್ ಸೆಟ್ಟಿಂಗ್ ಆಫ್ ಮಾಡಿ, ಇಲ್ಲದಿದ್ದರೆ ಬೆಳ್ಳಿ ಹಳದಿ ಕಾಣುತ್ತದೆ. ಕರೆಂಟ್ ಹೋದರೆ ರೂಟರ್ ಕೂಡ ಹೋಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಮೊದಲೇ ಒಮ್ಮೆ ಜೋಡಿಸಿ ನೋಡಿಕೊಂಡಿರಿ.

ಬಣ್ಣದ ವಿಷಯದಲ್ಲಿ ಮಾತ್ರ ವಿಡಿಯೋ ಕಾಲನ್ನು ನಂಬಬೇಡಿ. ಕಾಲ್‌ನಲ್ಲಿ ಚಿತ್ರ ಒತ್ತಿ ಸಣ್ಣದಾಗಿ ಬರುತ್ತದೆ, ಕಪ್ಪಿನೊಳಗಿನ ಸೂಕ್ಷ್ಮ ಎಲ್ಲ ಒಂದೇ ಮುದ್ದೆಯಾಗುತ್ತದೆ. ಮೊದಲ ಫ್ರೇಮ್‌ನಲ್ಲಿ ಗ್ರೇ ಕಾರ್ಡ್, ಅಂದರೆ ಆಮೇಲೆ ಬಣ್ಣ ಸರಿಹೊಂದಿಸಲು ಬಳಸುವ ಬೂದು ಬಣ್ಣದ ಕಾರ್ಡ್, ಇಟ್ಟು ತೆಗೆಯಲು ಹೇಳಿ. ಲೈಟಿಂಗ್ ಆದಮೇಲೆ ಒಂದು ಫೋಟೊವನ್ನು ಗೂಗಲ್ ಡ್ರೈವ್‌ನಲ್ಲಿ ಕಳಿಸಲಿ. ವಾಟ್ಸಾಪ್ ಆದರೆ ಡಾಕ್ಯುಮೆಂಟ್ ಆಗಿ ಕಳಿಸಬೇಕು, ಸುಮ್ನೆ ಫೋಟೊ ಅಂತ ಕಳಿಸಿದರೆ ಅದೂ ಕುಗ್ಗುತ್ತದೆ. ಅದೇ ಸಾಮಾನಿನ ಜೋಡಿ ನಿಮ್ಮ ಹತ್ತಿರ ಇದ್ದರೆ ಲ್ಯಾಪ್‌ಟಾಪ್ ಪಕ್ಕದಲ್ಲಿಟ್ಟು ಹೋಲಿಸಿ. ನಾವು ಹೂದಾನಿಯ ಜೋಡಿಯೊಂದನ್ನು ಹಾಗೇ ಇಟ್ಟುಕೊಂಡಿದ್ದೆವು.

ಮೊದಲ ಫೋಟೊಗೆ ಮುಕ್ಕಾಲು ಗಂಟೆ ಹಿಡಿಯಿತು. ಅವಸರ ಮಾಡಲಿಲ್ಲ. ಅದು ಸರಿಯಾದರೆ ಮುಂದಿನವು ಬೇಗ ಬೇಗ ಆಗುತ್ತವೆ. ಪೂರ್ತಿ ದೊಡ್ಡದು ಮಾಡಿ ತೋರಿಸಲು ಹೇಳಿ. ಧೂಳು, ಬೆರಳಿನ ಗುರುತು, ಬೆಳ್ಳಿ ಬೆಳಗಿ ಗೆರೆಯೇ ಮಾಯವಾಗಿದೆಯಾ, ನೋಡಿ. ತಾರ್‌ಕಶಿ, ಅಂದರೆ ಬೆಳ್ಳಿ ತಂತಿ ಕೂರಿಸುವ ಕೆಲಸ. ಅದರ ತಂತಿ ಕೂದಲಿನಷ್ಟು ಸಣ್ಣ. ಅದು ಕಾಣದಿದ್ದರೆ ಕೊಳ್ಳುವವರು ಅದನ್ನು ಬಣ್ಣ ಬಳಿದ ಪಾತ್ರೆ ಅಂದುಕೊಳ್ಳುತ್ತಾರೆ.

ಐದನೇ ಸಾಮಾನಿಗೆ ಬಂದಾಗ ಚಾಚಾ ಬೆರಳು ಸ್ಕ್ರೀನ್ ಮೇಲಿಟ್ಟರು. "ನೋಡು ಬೇಟಿ, ಬಳ್ಳಿ ಉಲ್ಟಾ ಅದ." ನನಗೆ ಗೊತ್ತಾಗಿರಲಿಲ್ಲ. ತಟ್ಟೆಯಲ್ಲಿ ಮೊಗ್ಗು ಕೆಳಗೆ ತಿರುಗಿತ್ತು. ಅಲ್ಲಿ ತಟ್ಟೆ ತಿರುಗಿಸಲು ಎರಡು ನಿಮಿಷ ಸಾಕಾಯಿತು. ಅದೇ ಪ್ಯಾಕ್ ಆಗಿ ಬೀದರ್‌ಗೆ ಬಂದಮೇಲೆ ಕಂಡಿದ್ದರೆ ಮತ್ತೆ ಕೊರಿಯರ್, ಮತ್ತೆ ಒಂದು ದಿನದ ಬಾಡಿಗೆ. ಈ ವಯಸ್ಸಿನಲ್ಲಿ ಚಾಚಾನನ್ನು ಬೆಂಗಳೂರಿಗೆ ಯಾರು ಕರೆದುಕೊಂಡು ಹೋಗುತ್ತಿದ್ದರು? ಕೆತ್ತಿದವರ ಕಣ್ಣು ಶೂಟ್ ಮೇಲೆ ಬಿದ್ದದ್ದು ದೂರದಿಂದ ನೋಡಿದ್ದಕ್ಕೇ.

ಮಾತಾಡುವವರು ಒಬ್ಬರೇ ಇರಲಿ. ನಮ್ಮ ಮನೆಯವರು, ಚಾಚಾ ಹೇಳಿದ್ದನ್ನೆಲ್ಲ ನಾನೇ ಹೇಳುತ್ತಿದ್ದೆ. ಕಾಲ್‌ನಲ್ಲಿ ಮಾತು ತಡವಾಗಿ ಮುಟ್ಟುತ್ತದೆ, ಹೇಳಿ ಸ್ವಲ್ಪ ಕಾಯಿರಿ. ಎಡ ಬಲ ಅನ್ನುವಾಗ "ಫೋಟೊದಲ್ಲಿ ಎಡಗಡೆ" ಅನ್ನಿ. ಲೈಟ್ ಎಲ್ಲಿಡಬೇಕು ಅಂತ ಹೇಳಲು ಹೋಗಬೇಡಿ. "ಕತ್ತಿನ ಹತ್ತಿರ ಹೂವು ಕಾಣ್ತಿಲ್ಲ" ಅಂದರೆ ಸಾಕು, ಹೇಗೆ ಸರಿಮಾಡಬೇಕು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನೀವು ಓಕೆ ಅಂದಮೇಲೆಯೇ ಸಾಮಾನು ಕದಲಿಸಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಕೊನೆಯ ಫೋಟೊ ಆದಕೂಡಲೇ ಕಾಲ್ ಕಟ್ ಮಾಡಬೇಡಿ. ಪಟ್ಟಿ ಹಿಡಿದು ಒಂದೊಂದನ್ನೂ ಟಿಕ್ ಮಾಡಿ. ಪ್ಯಾಕಿಂಗ್ ಕೂಡ ಆ ಮೊಬೈಲ್ ಮುಂದೆಯೇ ನಡೆಯಲಿ. ಚಾಚಾ ಕೈಬೆರಳು ಮಡಚುತ್ತಾ ಎಣಿಸಿದರು. ಹದಿನಾಲ್ಕೂ ಡಬ್ಬಿಯೊಳಗೆ ಹೋಗಿ ಟೇಪ್ ಬಿದ್ದಮೇಲೆ ಚಹಾ ತರಿಸಿದೆವು.