ಸೀತಾಳೆ ಕೊಳೆತ ಮೇಲೆ ಕಲಿತದ್ದು

ನನ್ನ ಮೊದಲ ಸೀತಾಳೆ ದಂಡೆ ಸತ್ತದ್ದು ಅತಿಯಾದ ಉಪಚಾರದಿಂದ. ಸೀತಾಳೆ ಅಂದರೆ ಮರದ ಕೊಂಬೆಗೆ ಅಂಟಿ ಬೆಳೆಯುವ, ದಂಡೆಯಂತೆ ಹೂಬಿಡುವ ಆರ್ಕಿಡ್. ಗಾಳಿಮಳೆಗೆ ನಮ್ಮದೇ ಜಾಗದ ಹಳೇ ಮರದ ಕೊಂಬೆಯೊಂದು ಮುರಿದು ಬಿದ್ದಿತ್ತು. ಅದರ ಮೇಲಿದ್ದ ಗಿಡ ಬಿಡಿಸಿ ತಂದು, ಕುಂಡಕ್ಕೆ ಮಣ್ಣು, ಗೊಬ್ಬರ ತುಂಬಿ ನೆಟ್ಟು, ದಿನಾ ನೀರು ಹಾಕಿದೆ. ಮೂರು ವಾರಕ್ಕೆ ಎಲೆಯ ಬುಡ ಕಂದಿತು. ಮೆಲ್ಲಗೆ ಎಳೆದರೆ ಗಿಡವೇ ಕೈಗೆ ಬಂತು. ಬೇರಿನ ಸಿಪ್ಪೆ ತೊಯ್ದ ಕಾಗದದ ಹಾಗೆ ಜಾರಿ, ಒಳಗಿನ ದಾರದಂಥ ಎಳೆಯಷ್ಟೇ ಉಳಿದಿತ್ತು.

ಆ ಬೇರನ್ನು ಮೊದಲೇ ನೋಡಿದ್ದರೆ ಕುಂಡದ ಯೋಚನೆಯೇ ಬರುತ್ತಿರಲಿಲ್ಲ. ಒಣಗಿದ್ದಾಗ ಅದು ಬೂದಿ ಬಳಿದಂತೆ ಬೆಳ್ಳಗಿರುತ್ತದೆ. ನಾಲ್ಕು ಹನಿ ನೀರು ಬಿಟ್ಟರೆ ಕಣ್ಣೆದುರೇ ಹಸಿರಾಗುತ್ತದೆ. ಹೊರಗಿನ ಬಿಳಿ ಪದರ ಸತ್ತ ಕೋಶಗಳ ಸ್ಪಂಜು, ಹೆಸರು ವೆಲಮೆನ್. ಮಳೆ, ಮಂಜು ಬಿದ್ದಾಗ ಗಬಕ್ಕನೆ ಹೀರಿಕೊಳ್ಳುವುದು, ಆಮೇಲೆ ಗಾಳಿಗೆ ಒಣಗುವುದು ಅದರ ಕೆಲಸ. ಒಣಗಲು ಬಿಡದಿದ್ದರೆ ಉಸಿರು ಕಟ್ಟುತ್ತದೆ. (ಸೀತಾಳೆಯನ್ನು ಬಂದಳಿಕೆ ಎಂದು ಕಿತ್ತೆಸೆಯುವವರು ಈಗಲೂ ಇದ್ದಾರೆ. ಬಂದಳಿಕೆ ಮರದ ರಸ ಹೀರುತ್ತದೆ. ಸೀತಾಳೆಗೆ ಮರ ಬರೀ ಕೂರುವ ಜಾಗ.)

ಮರುವರ್ಷ ಇನ್ನೊಂದು ಕೊಂಬೆ ಬಿದ್ದಾಗ ಗಿಡ ಮುಟ್ಟುವ ಮೊದಲು ಕೊಂಬೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಸಿಪ್ಪೆ ಒರಟು, ಬಿರುಕು ಬಿರುಕು. ಬಿರುಕಿನಲ್ಲಿ ತೆಳ್ಳಗೆ ಹಾವಸೆ, ಪಕ್ಕದಲ್ಲಿ ಕಲ್ಲುಹೂವು. ದಪ್ಪ ಪಾಚಿಯ ಮೆತ್ತೆ ಎಲ್ಲೂ ಇಲ್ಲ. ಗಿಡ ನೆಟ್ಟಗೆ ನಿಂತಿರಲಿಲ್ಲ, ಕೊಂಬೆಯ ಪಕ್ಕಕ್ಕೆ ವಾಲಿ ತೂಗುತ್ತಿತ್ತು. ಅದರ ಕಾರಣ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಸೀತಾಳೆ ಬೆಳೆಯುವುದು ಒಂದೇ ತುದಿಯಿಂದ. ನಡುಸುಳಿಯಲ್ಲಿ ನೀರು ನಿಂತು ಕೊಳೆತರೆ ಗಿಡ ಹೋದ ಹಾಗೆಯೇ. ವಾಲಿದ್ದರೆ ಎಷ್ಟು ಜಡಿಮಳೆ ಹೊಡೆದರೂ ನೀರು ಸುರಿದುಹೋಗುತ್ತದೆ.

ಈ ಸಲ ಕುಂಡ ತರಲಿಲ್ಲ, ಮರ ಹುಡುಕಿದೆ. ನಂದಿ ಮರದ ನುಣುಪು ಸಿಪ್ಪೆ ಪದರ ಪದರವಾಗಿ ಕಳಚುತ್ತದೆ, ಅಂಟಿದ ಬೇರೂ ಜೊತೆಗೇ ಉದುರುತ್ತದೆ. ಮತ್ತಿಯ ಸಿಪ್ಪೆ ಮೊಸಳೆ ಬೆನ್ನಿನಂತೆ ಸೀಳಿರುತ್ತದೆ, ಮಾವಿನದ್ದೂ ಒರಟು. ಬೇರಿಗೆ ಹಿಡಿತ ಸಿಗುತ್ತದೆ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ಎಲೆಗಳ ಜಾಲರಿ ನೆರಳು ಬರುವ ಮಾವಿನ ಕೊಂಬೆಯೊಂದಕ್ಕೆ, ಮೊದಲಿದ್ದಂತೆಯೇ ವಾಲಿಸಿ, ಹಳೇ ಹತ್ತಿ ಬಟ್ಟೆಯ ಪಟ್ಟಿಯಿಂದ ಅಲುಗಾಡದಂತೆ ಕಟ್ಟಿದೆ. ಗಿಡ ಅಲುಗಿದರೆ ಹೊಸ ಬೇರಿನ ಹಸಿರು ತುದಿ ಸವೆದು ಅಲ್ಲೇ ನಿಂತುಬಿಡುತ್ತದೆ. ಬೇರಿನ ಹಿಂದೆ ತೆಂಗಿನ ಸಿಪ್ಪೆ ಇಟ್ಟು ಕಟ್ಟಿದ ಇನ್ನೊಂದು ಗಿಡ ಮಳೆಗಾಲವಿಡೀ ತೊಯ್ದು ಹಾಳಾಯಿತು. ಸಿಪ್ಪೆ ಇಲ್ಲದ್ದು ಬದುಕಿತು. ಬಸವನಹುಳಗಳಿಗೆ ಆ ಹಸಿರು ತುದಿಯೇ ಇಷ್ಟ, ಹಾಗಾಗಿ ಒಂದಷ್ಟು ದಿನ ರಾತ್ರಿ ಬ್ಯಾಟರಿ ಹಿಡಿದು ಹೆಕ್ಕಿದೆ.

ಮರದ ಮೇಲಿನ ಆರ್ಕಿಡ್‌ಗಳೆಲ್ಲ ಒಂದೇ ಜಾತಕದವಲ್ಲ. ಪಶ್ಚಿಮ ಘಟ್ಟದ ಡೆಂಡ್ರೋಬಿಯಂ ಬಾರ್ಬಟುಲಮ್ ಮಳೆ ಮುಗಿದ ಮೇಲೆ ಎಲೆ ಉದುರಿಸುತ್ತದೆ. ಬಿದ್ದ ಕೊಂಬೆಯಿಂದಲೇ ಉಳಿಸಿದ್ದ ಒಂದು ಬೋಳಾದಾಗ ಸಾಯುತ್ತಿದೆಯೆಂದು ಗಾಬರಿಯಿಂದ ನೀರು, ಸೆಗಣಿ ತಿಳಿ ಕೊಟ್ಟೆ. ಹೂವು ಬರಬೇಕಾದ ಗೆಣ್ಣುಗಳಲ್ಲಿ ಮರಿಗಿಡಗಳು ಮೂಡಿದವು. ಮುಂದಿನ ವರ್ಷ ಚಳಿಗಾಲವಿಡೀ ಅದರ ಕಡೆ ತಿರುಗಿಯೂ ನೋಡಲಿಲ್ಲ. ಫೆಬ್ರವರಿಯಲ್ಲಿ ಒಣಕಡ್ಡಿಯಂಥ ಕಾಂಡದ ತುದಿಯಲ್ಲಿ ಬಿಳಿ ಗೊಂಚಲು. ಆ ಒಣ ತಿಂಗಳುಗಳೇ ಅದಕ್ಕೆ ಗೊಬ್ಬರ ಅನ್ನಿಸಿತು.

ನೆಲದ ಆರ್ಕಿಡ್‌ಗಳಲ್ಲಿ ನಾನು ಪೂರ್ತಿ ಸೋತವನು. ಬ್ಯಾಣದ (ಹುಲ್ಲುಗಾವಲಿನ) ಹುಲ್ಲಿನ ನಡುವೆ ಮೊದಲ ಮಳೆಗಳ ಹೊತ್ತಿಗೆ ನೆಲಕ್ಕಂಟಿದ ಒಂದೇ ದುಂಡನೆ ಎಲೆ, ಅದರ ನಡುವಿನಿಂದ ಬಿಳಿ ಹೂವು: ಹಬೆನೇರಿಯಾ ಗ್ರ್ಯಾಂಡಿಫ್ಲೋರಿಫಾರ್ಮಿಸ್. ಮಳೆ ಹೋದರೆ ಎಲೆಯೂ ಮಾಯ, ಬೇಸಿಗೆಯೆಲ್ಲ ಗೆಡ್ಡೆಯಾಗಿ ನೆಲದಡಿ ನಿದ್ದೆ. ಒಂದನ್ನು ಹೆಂಟೆಸಮೇತ ಅಗೆದು ಅಂಗಳದ ಅಂಚಿಗೆ ತಂದೆ. ಆ ವರ್ಷ ಹೂವಿತ್ತು, ಮರುವರ್ಷ ಎಲೆಯೂ ಏಳಲಿಲ್ಲ. ಜಾಗ ಬದಲಾದಾಗ ನೀರು ಇಳಿಯುವ ರೀತಿ, ಹುಲ್ಲಿನ ನೆರಳು, ಮಣ್ಣಿನ ಶಿಲೀಂಧ್ರ ಎಲ್ಲವೂ ಬದಲಾಗುತ್ತವೆ.

ಆ ಶಿಲೀಂಧ್ರ ಸಣ್ಣ ವಿಷಯವಲ್ಲ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಮೊಳಕೆಗೆ ಬುತ್ತಿಯೇ ಇಲ್ಲ; ಕಾಡಿನಲ್ಲಿ ಶಿಲೀಂಧ್ರ ಉಣಿಸಿದರಷ್ಟೇ ಅದು ಬದುಕುತ್ತದೆ. ಫ್ರಾನ್ಸಿನ ಸಸ್ಯವಿಜ್ಞಾನಿ ನೊಯೆಲ್ ಬರ್ನಾರ್ ಇದನ್ನು 1899ರಲ್ಲಿ ಕಂಡುಕೊಂಡರು. ಸಕ್ಕರೆ ಬೆರೆಸಿದ ಅಗರ್ ಎಂಬ ಜೆಲ್ಲಿಯ ಮೇಲೆ ಶಿಲೀಂಧ್ರವಿಲ್ಲದೆಯೇ ಬೀಜ ಮೊಳೆಸುವ ದಾರಿಯನ್ನು 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ತೋರಿಸಿದರು. ಅದು ಪ್ರಯೋಗಾಲಯದ ಕೆಲಸ, ನನ್ನ ಕೈಯದ್ದಲ್ಲ. ಕಾಡಿನಿಂದ ಅನುಮತಿಯಿಲ್ಲದೆ ಕೀಳುವುದು ಅಪರಾಧ, ಅದು ಬೇರೆಯೇ ಮಾತು. ಕಿತ್ತು ತಂದದ್ದು ಬಹುಪಾಲು ಸಾಯುತ್ತದೆ ಎಂಬುದು ನನ್ನ ಅಂಗಳದಲ್ಲೇ ಕಂಡದ್ದು.

ಈಗ ಬ್ಯಾಣದಲ್ಲಿ ಎಲೆ ಕಂಡಲ್ಲಿ ಒಂದು ಕೋಲು ನೆಡುತ್ತೇನೆ, ಕಾಯಿ ಒಣಗಿ ಒಡೆಯುವ ತನಕ ಅಲ್ಲಿ ಹುಲ್ಲು ಕೊಯ್ಯುವುದಿಲ್ಲ. ಮಾವಿನ ಮೇಲಿನ ಸೀತಾಳೆಗೆ ಕಟ್ಟಿದ ಬಟ್ಟೆ ಎರಡನೇ ಮಳೆಗಾಲಕ್ಕೆ ಕುಂಬಾಗಿ ಬಿತ್ತು. ಅಷ್ಟರಲ್ಲಿ ಏಳು ಬೇರು ಸಿಪ್ಪೆಯ ಬಿರುಕಿಗೆ ಇಳಿದಿದ್ದವು. ಹೂವಿನ ಮೊದಲ ದಂಡೆ ಬಂದದ್ದು ಮೂರನೇ ವರ್ಷ, ಜೂನ್ ಮೊದಲ ವಾರ.