ಪಾಟೀ ಸವಾಲನ್ನೇ ರಂಗಕ್ಕೆ ತಂದೆ

ಮಡಿಕೇರಿಯಲ್ಲಿ ವಕೀಲಿಕೆ ಶುರು ಮಾಡಿ ಹದಿನೆಂಟು ವರ್ಷ ಆಯಿತು. ವಕೀಲರು ದಿನಕ್ಕೆ ಮೂರು ಗಂಟೆವರೆಗೆ ಕಾನೂನು ಪಾಠ ಮಾಡಬಹುದು ಅನ್ನುತ್ತದೆ 1979ರ ನಿಯಮ. ಹಾಗಾಗಿ ಕೋರ್ಟು, ಪಾಠ ಎರಡೂ ಇದೆ. ರಾತ್ರಿ ನಾಟಕ ಬರೆಯುತ್ತೇನೆ. "ಎರಡು ದೋಣಿ ಮೇಲೆ ಕಾಲಿಡಬೇಡಪ್ಪಾ" ಎಂದು ನಮ್ಮ ಹಿರಿಯ ವಕೀಲರು ಹೇಳುತ್ತಲೇ ಇದ್ದರು.

ಮೊದಲ ನಾಟಕ ಜಮ್ಮಾ ಜಾಗಕ್ಕಾಗಿ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮೀನಿಗಾಗಿ, ಅಣ್ಣತಮ್ಮಂದಿರ ಜಗಳ. ಎರಡೂವರೆ ಗಂಟೆ! ತೀರ್ಪು ಓದುವುದಕ್ಕೇ ಹನ್ನೆರಡು ನಿಮಿಷ. ಜುಲೈ ತಿಂಗಳು, ಹಾಲ್‌ಗೆ ಶೀಟಿನ ಮಾಡು. ಮಳೆ ಸದ್ದಿಗೆ ಮೂರನೇ ಸಾಲಿನವರಿಗೂ ಮಾತು ಕೇಳಲಿಲ್ಲ. ಸುಮಾರು 42 ಸಾವಿರ ಖರ್ಚು, ಬಂದದ್ದು ಹನ್ನೊಂದು. ಉಳಿದದ್ದನ್ನು ಆ ವರ್ಷದ ಕಾಫಿ ದುಡ್ಡಿನಲ್ಲಿ ತೀರಿಸಿದೆ. ಎರಡನೆಯದಕ್ಕೆ ಹಾಡು ಸೇರಿಸಿದೆ, ಅದೂ ನಿಲ್ಲಲಿಲ್ಲ.

ದಾರಿ ಸಿಕ್ಕಿದ್ದು ತರಗತಿಯಲ್ಲಿ. 2024ರ ಜುಲೈ 1ಕ್ಕೆ ಹೊಸ ಸಾಕ್ಷ್ಯ ಕಾಯ್ದೆ ಜಾರಿಗೆ ಬಂತು. ಮರಣ ಹೇಳಿಕೆಯ (ಸತ್ತವರು ಸಾಯುವ ಮೊದಲು ಸಾವಿನ ಬಗ್ಗೆ ಹೇಳಿದ ಮಾತು) 32ನೇ ಕಲಂ 26 ಆಯಿತು. ಬಾಯಿಪಾಠ ಮಾಡಿದ್ದ ಮಕ್ಕಳು ಕಂಗಾಲು. ನಂಬರು ಬಿಟ್ಟು ಒಬ್ಬಳನ್ನು ಸಾಕ್ಷಿ ಕಟ್ಟೆಗೆ ನಿಲ್ಲಿಸಿ ನಾನೇ ಪಾಟೀ ಸವಾಲು, ಅಂದರೆ ಎದುರು ಪಕ್ಷದ ವಕೀಲರು ಸಾಕ್ಷಿಗೆ ಹಾಕುವ ಪ್ರಶ್ನೆ, ಶುರು ಮಾಡಿದೆ. ಬೇಲಿ ಯಾವಾಗ ಜರುಗಿತು ಎಂಬುದೇ ಕೇಸು.

"ಮೆಣಸು ಕೊಯ್ದು ಏಣಿ ಇಳಿಸಿದ ಮೇಲೆ" ಎಂದಳು.

"ಏಣಿ ಯಾವ ಮರಕ್ಕೆ ಒರಗಿಸಿದ್ದಿರಿ?"

"ಆ ಮೂಲೆಯ ಸಿಲ್ವರ್ ಓಕಿಗೆ."

"ಅದು ಬೇಲಿಯ ಯಾವ ಕಡೆ?"

ಅವಳು ಸುಮ್ಮನಾದಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಇಡೀ ತರಗತಿ ಉಸಿರು ಹಿಡಿದಿತ್ತು. ಇದಕ್ಕಿಂತ ನಾಟಕ ಬೇಕಾ?

ಅಂದಿನಿಂದ ಸಂಭಾಷಣೆ ಬರೆಯುವುದನ್ನೇ ಬಿಟ್ಟೆ. ಒಂದು ಕೇಸಿನ ಕಟ್ಟು ಬರೆಯುತ್ತೇನೆ. ಸಾಕ್ಷಿಗೆ ಗೊತ್ತಿರುವುದು ಸಾಕ್ಷಿಯ ಹಾಳೆಯಲ್ಲಿ ಮಾತ್ರ. ಸವಾಲು ಹಾಕುವವರು ಅದನ್ನು ನೋಡುವಂತಿಲ್ಲ. ಕೇಸು ಪೂರ್ತಿ ಕಟ್ಟುಕಥೆಯೇ ಆಗಿರಬೇಕು, ಕಕ್ಷಿದಾರರು ನಂಬಿ ಹೇಳಿದ ಒಂದು ಮಾತೂ ಒಳಗೆ ಬರಬಾರದು. ಮೊದಲ ದಿನ ಸಾಕ್ಷಿಗೆ ಒಂದು ಚೀಟಿಯನ್ನೂ ಕೊಡುತ್ತೇನೆ. ಅದರಲ್ಲಿ ಏನಿರುತ್ತದೆ ಎಂದು ಇಲ್ಲಿ ಹೇಳುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗ. ಸಾಕ್ಷಿ ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಉತ್ತರಿಸಿದ, ಇನ್ನೊಬ್ಬ ಕನ್ನಡಕ್ಕೆ ತಂದ. ಎರಡೂ ಬಲ್ಲವರು ಅನುವಾದಕ್ಕೆ ಮೊದಲೇ ಗುಸುಗುಸು ಅಂದರು. ಬಹಳ ಚೆಂದ. ಆದರೆ ಸಮಯ ಜಾಸ್ತಿ ಹೋಯಿತು, ಮುಂದೆ ಮತ್ತೆ ನೋಡಬೇಕು.

ಕಳೆದ ಫೆಬ್ರವರಿಯ ಪ್ರದರ್ಶನ 70 ನಿಮಿಷ. ಎರಡು ಕುರ್ಚಿ, ಒಂದು ಕಟ್ಟೆ. ಒಂಬತ್ತು ಸಾವಿರದ ಆಸುಪಾಸು ಖರ್ಚು, ಹದಿನಾಲ್ಕು ಸಾವಿರ ಬಂತು. ಕೊಡಗಿನಲ್ಲಿ ಹೀಗೆ ಮಾಡಿದವರು ನನಗೆ ಕಂಡಿಲ್ಲ. ಹಿರಿಯ ವಕೀಲರು ಮುಂದಿನ ಸಾಲಿನಲ್ಲಿದ್ದರು. ಬೇಡದ ಪ್ರಶ್ನೆಯೊಂದು ಬಂದಾಗ ಕೂತಲ್ಲಿಂದಲೇ ಎದ್ದು "ಆಕ್ಷೇಪಣೆ!" ಎಂದುಬಿಟ್ಟರು.