ಬೆಳಿಗ್ಗೆ ಹುರುಳಿ, ಸಂಜೆ ಮಸಾಲೆ

ಸುರತ್ಕಲ್‌ನಲ್ಲಿ ಮನೆ, ಮಂಗಳೂರಿನ ಹಂಪನಕಟ್ಟೆಯಲ್ಲಿ ಕೆಲಸ. ಬೆಳಿಗ್ಗೆ ಎಂಟೂವರೆಗೆ ಹೊರಟರೆ ಸಂಜೆ ಕೂಳೂರು ಸೇತುವೆಯ ಬ್ಲಾಕ್ ದಾಟಿ ಮನೆ ಸೇರುವಾಗ ಏಳು ಗಂಟೆ. ಎಂಟಕ್ಕೆ ಮಕ್ಕಳ ಊಟ ಆಗಬೇಕು. ನನ್ನ ಕಷ್ಟ ನೋಡಿ ತಮ್ಮ ದುಬೈಯಿಂದ ಬರುವಾಗ ಸ್ಲೋ ಕುಕ್ಕರ್ ತಂದುಕೊಟ್ಟ, ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ಕರೆಂಟಿನ ಪಾತ್ರೆ. ಅಲ್ಲಿಯೂ 230 ವೋಲ್ಟೇ ಇರುವುದರಿಂದ ಪ್ಲಗ್ ಮಾತ್ರ ಬದಲಿಸಿದೆವು.

ಮೊದಲ ವಾರ ಕೋರಿ ಗಸಿ, ಅಂದರೆ ನಮ್ಮ ಕಡೆಯ ದಪ್ಪ ಕೋಳಿ ಪದಾರ್ಥ, ಮಾಡಿದೆ. ಕೋಳಿ, ಹುರಿದು ಅರೆದ ಮಸಾಲೆ, ತೆಂಗಿನಹಾಲು, ಎಲ್ಲವನ್ನೂ ಬೆಳಿಗ್ಗೆಯೇ ಸುರಿದು ಹೋಗಿದ್ದೆ. ಸಂಜೆ ಮುಚ್ಚಳ ತೆಗೆದರೆ ಮಾಂಸ ಬೆಣ್ಣೆಯಂತೆ ಬೆಂದಿತ್ತು. ಆದರೆ ತೆಂಗಿನಹಾಲು ಒಡೆದು ಎಣ್ಣೆ ಮೇಲೆ ನಿಂತಿತ್ತು, ಕೊತ್ತಂಬರಿಯ ಪರಿಮಳ ಎಲ್ಲಿಯೂ ಇರಲಿಲ್ಲ, ಗಸಿ ಸಾರಿನಷ್ಟು ತೆಳ್ಳಗಾಗಿತ್ತು. ಇದರಲ್ಲಿ ನೀರು ಆವಿಯಾಗಿ ಹೋಗುವುದಿಲ್ಲ ಎನ್ನುವುದು ಆಗ ತಿಳಿಯಿತು. ಈಗ ಒಂದು ಕಿಲೋ ಮೂಳೆ ಸಹಿತದ ಕೋಳಿಗೆ ಒಂದೇ ಲೋಟ ನೀರು, ಬಾಡಿಸಿದ ನೀರುಳ್ಳಿ, ಶುಂಠಿ, ಉಪ್ಪು, ಅರಸಿನ. ‘ಲೋ’ ಎಂಬ ಕಡಿಮೆ ಬಿಸಿಯಲ್ಲಿ 6 ಗಂಟೆ, ಆಮೇಲೆ ಅದು ತಾನಾಗಿಯೇ ಬರೀ ಬಿಸಿ ಉಳಿಸುವ ‘ವಾರ್ಮ್‌’ಗೆ ಹೋಗುತ್ತದೆ. ಮಸಾಲೆ ಹಿಂದಿನ ರಾತ್ರಿಯೇ ಅರೆದು ಫ್ರಿಜ್ಜಿನಲ್ಲಿ ಇರುತ್ತದೆ. ಬಂದವಳೇ ಮಸಾಲೆ ಹಾಕಿ ಹೈ ಮಾಡಿ, ಸ್ನಾನ ಮುಗಿಸಿ ಬಂದು ತೆಂಗಿನಹಾಲು ಹೊಯ್ದು ತುಪ್ಪದ ಒಗ್ಗರಣೆ ಕೊಡುತ್ತೇನೆ. ಜೊತೆಗೆ ತಿನ್ನುವ ಗರಿಗರಿ ಅಕ್ಕಿ ರೊಟ್ಟಿ, ಕೋರಿ ರೊಟ್ಟಿ, ಹೇಗೂ ಅಂಗಡಿಯ ಪ್ಯಾಕೆಟ್‌ನದ್ದು. ತಟ್ಟೆಯಲ್ಲಿ ಮುರಿದು ಗಸಿ ಹೊಯ್ದರೆ ಊಟ ಸಿದ್ಧ.

ನನ್ನ ಮಟ್ಟಿಗೆ ಈ ಕುಕ್ಕರ್ ಹುಟ್ಟಿದ್ದೇ ಹುರುಳಿಗಾಗಿ. ಅಜ್ಜಿ ಒಲೆಯ ಕೆಂಡದ ಮೇಲೆ ಹುರುಳಿಯ ಅಳಗೆ ಇಟ್ಟು ಗದ್ದೆಗೆ ಹೋಗುತ್ತಿದ್ದರು, ಮಧ್ಯಾಹ್ನ ಬರುವಾಗ ಕಾಳು ಬೆರಳಲ್ಲಿ ಒತ್ತಿದರೆ ಹಿಟ್ಟಾಗುತ್ತಿತ್ತು. ಪ್ರೆಷರ್ ಕುಕ್ಕರಿನಲ್ಲಿ ಹುರುಳಿ ಬೇಯುತ್ತದೆ ನಿಜ, ಆದರೆ ಆ ದಪ್ಪ ಕಂದು ಕಟ್ಟು ಬಿಡುವುದಿಲ್ಲ. ರಾತ್ರಿ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಗ್ಯಾಸಿನ ಮೇಲೆ 10 ನಿಮಿಷ ಕೊತಕೊತ ಕುದಿಸಿ ಆಮೇಲೆ ಸ್ಲೋ ಕುಕ್ಕರಿಗೆ ಹಾಕುತ್ತೇನೆ. ಈ ಕುದಿಸುವ ಕೆಲಸವನ್ನು ಯಾವ ಕಾಳಿಗೂ ನಾನು ಬಿಡುವುದಿಲ್ಲ. ರಾಜ್ಮಾ ಆದರಂತೂ ಬಿಡಲೇಬಾರದು. ಅದರಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಅಂಶ ಚೆನ್ನಾಗಿ ಕುದಿದರೆ ಮಾತ್ರ ನಾಶವಾಗುತ್ತದೆ. ಸ್ಲೋ ಕುಕ್ಕರಿನ ಹದವಾದ ಬಿಸಿ ಸಾಲದು, ವಾಂತಿ ಭೇದಿ ಆಗುತ್ತದೆ. ಹುಳಿಯೂ ಬೆಳಿಗ್ಗೆ ಬೇಡ. ಹುಣಸೆಹುಳಿ, ಟೊಮೆಟೊ ಮೊದಲೇ ಬಿದ್ದರೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ.

ಸಂಜೆ ಕಟ್ಟು ಬಸಿದು ಹುಳಿ, ಬೆಲ್ಲ, ಮೆಣಸು ಹಾಕಿ ತೆಂಗಿನೆಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಕೆಂಪಗೆ ಹುರಿದು ಹಾಕಿದರೆ ಸಾರು. ಉಳಿದ ಕಾಳಿಗೆ ತೆಂಗಿನತುರಿ ಹಾಕಿದರೆ ಪಲ್ಯ. ಆಟಿಯ ಮಳೆಯಲ್ಲಿ ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಸುಟ್ಟ ಹಪ್ಪಳ ಇಟ್ಟರೆ ದೊಡ್ಡ ಮಗ ಮಾತಾಡದೆ ಎರಡನೇ ಸಲ ಬಡಿಸಿಕೊಳ್ಳುತ್ತಾನೆ. ನಮ್ಮದು 200 ವಾಟಿನದ್ದು, 8 ಗಂಟೆ ಓಡಿದರೂ ಹೆಚ್ಚೆಂದರೆ 1.6 ಯೂನಿಟ್.

ಆದರೆ ಮಳೆಗಾಲ ಅಂದರೆ ಕರೆಂಟಿನ ಭಯ. ಒಂದು ಜೂನ್‌ನಲ್ಲಿ ನಮ್ಮ ಅತ್ತೆ ತಮ್ಮ ಮಗಳ ಮನೆಗೆ ಹೋಗಿದ್ದರು. ನಾನು ಬಂದಾಗ ಕುಕ್ಕರ್ ಆಫ್, ಕೋಳಿ ತಣ್ಣಗೆ. ಕರೆಂಟು ಹೋಗಿ ಮತ್ತೆ ಬಂದಿದೆ, ಆದರೆ ಈ ಡಿಜಿಟಲ್ ಕುಕ್ಕರ್ ತಾನಾಗಿ ಮತ್ತೆ ಚಾಲೂ ಆಗುವುದಿಲ್ಲ. ಎಷ್ಟು ಹೊತ್ತು ಹಾಗೆಯೇ ಇತ್ತೋ ಗೊತ್ತಿಲ್ಲದ ಕೋಳಿಯನ್ನು ಮಕ್ಕಳಿಗೆ ಬಡಿಸಲು ಕೈ ಬರಲಿಲ್ಲ, ಒಂದು ಕಿಲೋವನ್ನೂ ಚೆಲ್ಲಿದೆ. ತುಂಬಾ ಸಂಕಟವಾಯಿತು. ಅಂದಿನಿಂದ ಮಳೆಗಾಲದಲ್ಲಿ ಅತ್ತೆ ಮನೆಯಲ್ಲಿದ್ದರೆ ಮಾತ್ರ ಹಚ್ಚುವುದು. ಅವರಿಗೆ ಮಂಡಿನೋವು, ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ, ಆದರೆ ಕರೆಂಟು ಹೋದ ಕೂಡಲೇ ಪಾತ್ರೆ ಬದಲಿಸಿ ಗ್ಯಾಸಿನ ಮೇಲೆ ಬೇಯಿಸಿಬಿಡುತ್ತಾರೆ. ಸುಮ್ಮನೆ ಮುಚ್ಚಳ ತೆಗೆದು ನೋಡಬೇಡಿ ಎಂದು ಮಾತ್ರ ಅವರಿಗೆ ಹೇಳಿದ್ದೇನೆ. ಒಮ್ಮೆ ತೆಗೆದರೆ ಬಿಸಿ ಹೋಗಿ ಬೇಯಲು ಇನ್ನೂ ಅರ್ಧ ಗಂಟೆ ಬೇಕು.

ಮೀನು ಇದಕ್ಕೆ ಹಾಕುವುದಿಲ್ಲ. ಬಂಗುಡೆ ಹತ್ತು ನಿಮಿಷದಲ್ಲಿ ಬೇಯುತ್ತದೆ, ಅದಕ್ಕೆ ಮಣ್ಣಿನ ಚಟ್ಟಿಯೇ ಸರಿ. ತಾಜಾ ಬಂಗುಡೆ ಸಿಕ್ಕಿದ ದಿನ ಸ್ಲೋ ಕುಕ್ಕರ್ ತೊಳೆದು ಕವುಚಿ ಇಡುತ್ತೇನೆ.